ಹುಳದ ಮನೆಗೆ ನುಗ್ಗಿದವರು

ಮಂಜು ಉಗುಳಿ ತೇವ ಹೆಚ್ಚಿಸುವ ಫಾಗರ್ ಮತ್ತೆ ನಿಂತಿತು. ಈ ಸಲವೂ ನಿಲ್ಲಿಸಿದ್ದು ತರನ್ನುಮ್ ಅಲ್ಲ.

ಚಿಂತಾಮಣಿಯ ಶಾದಿ ಮಹಲಿನ ಮೂಲೆ ಕೋಣೆಯಲ್ಲಿ ಅವಳು ಲ್ಯಾಪ್‌ಟಾಪ್ ಹಿಡಿದು ಕೂತಿದ್ದಳು. ಹೊರಗೆ ನಾದಿನಿಯ ಮದುವೆ. ದಿಬ್ಬೂರಹಳ್ಳಿಯ ರೇಷ್ಮೆ ಹುಳದ ಮನೆಗೆ ಬೀಗ ಹಾಕಿ ಎಲ್ಲರೂ ಬಂದಿದ್ದರು. ಒಬ್ಬರಾದರೂ ಉಳಿಯಲಿ ಎಂದು ಅತ್ತೆ ಜಾನ್ ಬೀ ಹಟ ಹಿಡಿದಾಗ, ಎಸ್‌ಎಸ್‌ಎಚ್ ಮಾಡಿ, ಅಂದರೆ ಯಂತ್ರದ ಹೆಸರು ಹೊಡೆದು ಅದರೊಳಗೆ ಹೊಕ್ಕು, ಇಲ್ಲಿಂದಲೇ ನೋಡಿಕೊಳ್ಳುತ್ತೇನೆ ಎಂದು ಜಂಬ ಕೊಚ್ಚಿದವಳು ಇವಳೇ. ಆ ಜಂಬಕ್ಕೆ ಕಾರಣವೂ ಇತ್ತು. ಮಂಚೇನಹಳ್ಳಿಯ ಗೆಳತಿ ಸೌಜನ್ಯ ಇದೇ ಏರ್ಪಾಡು ತನಗೂ ಬೇಕೆಂದು ಕೇಳಿ, ಫಾಗರ್ ನಡೆಸುವ ಕಂಪ್ಯೂಟರಿನ ಮೆಮೊರಿ ಕಾರ್ಡನ್ನು ಹೆಪ್ಪು ಒಯ್ದಂತೆ ನಕಲು ಮಾಡಿಸಿಕೊಂಡು ಹೋಗಿದ್ದಳು.

ಮಧ್ಯಾಹ್ನ ದಿಬ್ಬೂರಹಳ್ಳಿಯಲ್ಲಿ ಕರೆಂಟ್ ಹೋಗಿ ಬಂದು, ಅವಳು ಯಂತ್ರದ ಹೆಸರು ಹೊಡೆದು ಮತ್ತೆ ಒಳಹೊಕ್ಕಿದ್ದಳು. ಕಾಟ ಶುರುವಾದದ್ದು ಆಮೇಲೆ.

ಪೊರೆ ಬಿಡುವ ಜ್ವರದಲ್ಲಿರುವ ಹುಳಕ್ಕೆ ತೇವ ಆಗದು. ಜ್ವರ ಬಿಟ್ಟೆದ್ದ ಹುಳಕ್ಕೆ ತೇವ ಬೇಕೇ ಬೇಕು. ಇಲ್ಲದಿದ್ದರೆ ಸೊಪ್ಪು ಬಾಡಿ, ಹುಳ ಬಾಯಿ ಹಾಕದೆ ಸಾಯುತ್ತದೆ. ಅವಳ ಹುಳಗಳು ಬೆಳಿಗ್ಗೆಯಷ್ಟೇ ಜ್ವರ ಬಿಟ್ಟಿದ್ದವು. ತೆರೆಯ ಮೇಲೆ ತೇವ ಇಳಿಯುತ್ತಲೇ ಇತ್ತು.

ಕಂಪ್ಯೂಟರಿನೊಳಗೆ ಯಾರಿದ್ದಾರೆಂದು ಕೇಳುವ ಕಮಾಂಡ್ ಕೊಟ್ಟಳು. ಇಬ್ಬರು. ಇಬ್ಬರಿಗೂ ಅವಳದೇ ಹೆಸರು.

ಒಬ್ಬಳು ತಾನು. ಇನ್ನೊಬ್ಬ ಯಾರು? ಪಾಸ್‌ವರ್ಡ್ ಬಲ್ಲವನು ಯಂತ್ರ ಕೂರಿಸಿದ ಮುರಳಿಮೋಹನ್. ಹೋದ ತಿಂಗಳು ಜಗಳವಾಡಿ ಕೆಲಸ ಬಿಟ್ಟಿದ್ದ. ಫೋನ್ ಮಾಡಿದರೆ ಎತ್ತಲಿಲ್ಲ.

ಅವಳು ಆ ಕಳ್ಳನ ಸಂಪರ್ಕ ಕಡಿದಳು. ಫಾಗರ್ ಹಾಕಿದಳು. ಅವನು ಮತ್ತೆ ಬಂದ, ನಿಲ್ಲಿಸಿದ. ಮತ್ತೆ ಕಡಿದಳು. ಮತ್ತೆ ಬಂದ. ಹುಳ ಸಾಯಿಸುವುದಕ್ಕೆ ಇಷ್ಟು ಹಟವೇ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಬಾಗಿಲಲ್ಲಿ ಜಾನ್ ಬೀ ನಿಂತಿದ್ದರು. “ಏನಮ್ಮಾ, ಹುಳಕ್ಕೆ ಏನಾದ್ರೂ ಆಯ್ತಾ?”

“ಏನೂ ಇಲ್ಲ ಅಮ್ಮೀ. ನೀವು ಹೋಗಿ, ಬರ್ತೀನಿ.”

ಅತ್ತೆ ಹೋಗುವವರೆಗೆ ಕಾದು, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದಳು. ಪಾಸ್‌ವರ್ಡ್ ಬದಲಾಯಿಸಿದಳು. ಅವನನ್ನು ಕೊನೆಯ ಸಲ ಹೊರದಬ್ಬಿ, ಫಾಗರನ್ನು ಪೂರ್ತಿ ಜೋರಾಗಿ ಹಾಕಿದಳು.

ಕಾದಳು. ಯಾರೂ ಬರಲಿಲ್ಲ. ತೇವ ಏರತೊಡಗಿತು. ಅವಳಿಗೆ ಅಳುವಷ್ಟು ಖುಷಿಯಾಯಿತು. ದುಪಟ್ಟಾ ಸರಿಮಾಡಿಕೊಂಡು ಏಳುವಾಗ ಫೋನ್ ಬಂತು. ಸೌಜನ್ಯ. ಹೇಳಿಕೊಳ್ಳಲು ಸರಿಯಾದವಳೇ ಸಿಕ್ಕಳೆಂದು ಎತ್ತಿದಳು.

“ತರನ್ನುಮಕ್ಕಾ, ನಾನು ಗೌರಿಬಿದನೂರಲ್ಲಿದೀನಿ, ಮನೇಲಿ ಯಾರೂ ಇಲ್ಲ,” ಸೌಜನ್ಯ ಬಿಕ್ಕುತ್ತಿದ್ದಳು. “ನಮ್ಮ ಹುಳದ ಮನೆ ಕಂಪ್ಯೂಟರ್‌ಗೆ ಯಾರೋ ನುಗ್ಗವ್ರೆ. ಹುಳ ಇನ್ನೂ ಜ್ವರದಲ್ಲೇ ಅವೆ, ನಾನು ನಿಲ್ಲಿಸಿದಷ್ಟೂ ಫಾಗರ್ ಹಾಕ್ತಾವ್ರೆ, ಈಗ ಪಾಸ್‌ವರ್ಡೂ ಬದಲಾಯಿಸ್ಬಿಟ್ರು. ನೀವು ಕೊಟ್ಟ ಕಾರ್ಡಲ್ಲಿ ನಿಮ್ಮ ಯಂತ್ರದ ಹೆಸರೇ ಇತ್ತು, ಅದನ್ನ ಬದಲಾಯಿಸ್ಬೇಕಿತ್ತಾ ಅಕ್ಕಾ?”