ಸೂಟ್‌ಕೇಸಿನ ಗಾಲಿ

ಅಂಬುಜಾ ಮನೆ ಬಿಟ್ಟು ಹೋಗುತ್ತಾಳೆಂಬುದು ಭಂಕೂರಿನ ಆ ಓಣಿಗೆಲ್ಲ ಗೊತ್ತಾಗಿತ್ತು. ಸಾಯಬಣ್ಣ ಮಾತ್ರ ಬೆಳಿಗ್ಗೆ ಎದ್ದವನೇ ಅವಳ ಸೂಟ್‌ಕೇಸನ್ನು ಅಂಗಳದಲ್ಲಿ ಬೋರಲು ಹಾಕಿಕೊಂಡು, ಸವೆದ ಗಾಲಿ ಬಿಚ್ಚುತ್ತ ಕುಳಿತಿದ್ದ. ಅದು ೨೦೦೩ರ ಮೇ ತಿಂಗಳು.

ಎರಡೂ ಗಾಲಿಗಳು ಒಂದು ಮಗ್ಗುಲಿಗೆ ಚಪ್ಪಟೆಯಾಗಿದ್ದವು. ಎಳೆದರೆ ಉರುಳುತ್ತಿರಲಿಲ್ಲ, ನೆಲ ಕೆರೆಯುತ್ತಿದ್ದವು. ಒಳಗಿನ ಕಬ್ಬಿಣದ ಕಡ್ಡಿಯನ್ನು ಗರಗಸದ ಬ್ಲೇಡಿನಿಂದ ಕೊಯ್ದು ತೆಗೆದ. ಶೌಕತ ಅಲಿಯ ಗುಜರಿ ಅಂಗಡಿಯಿಂದ ತಂದ ರಬ್ಬರ್ ಗಾಲಿಗಳು ತುಸು ದೊಡ್ಡವು. ಕಲ್ಲಿಗೆ ಪಾಲಿಶ್ ಹಾಕುವವನಿಗೆ ಅದೇನು ಕಷ್ಟ? ಹಾಸುಗಲ್ಲಿಗೆ ಉಜ್ಜತೊಡಗಿದ.

ಪಕ್ಕದ ಮನೆಯ ಅನಸುಬಾಯಿ ಗೋಡೆಯಾಚೆ ನಿಂತು ನೋಡುತ್ತಿದ್ದಳು.

“ಮನೀ ಬಿಟ್ಟು ಹೊಂಟಾಕಿಗಿ ಗಾಲಿ ಬ್ಯಾರೆ ಹಚ್ಚಿಕೊಡ್ಲಿಕತ್ತಿ? ನಾಳಿಗಿ ನಿನಗ ರೊಟ್ಟಿ ಯಾರು ಬಡೀತಾರ?”

“ನಾನೇ ಬಡ್ಕೋತೀನಿ.”

“ಮಂದಿ ಏನಂತಾರ ಗೊತ್ತದ ಏನು?”

“ಅನ್ಲಿ.”

“ಕೈ ನೋಡ್ಕೋ. ರಗತ ಬರ್ಲಿಕತ್ತದ.”

ನೋಡಿದ. ಹೆಬ್ಬೆರಳಿನ ಚರ್ಮ ಗಾಲಿಯ ಜೊತೆಗೇ ಸವೆದಿತ್ತು. ನೋವು ಗೊತ್ತಾಗಿರಲಿಲ್ಲ. ನಿನ್ನೆ ಚಿತ್ತಾಪುರದ ನೋಂದಣಿ ಕಚೇರಿಯಲ್ಲೂ ಹಾಗೆಯೇ. ಅಂಬುಜಾ ಸಹಿ ಮಾಡಿದ ಮೇಲೆ, ಗುಮಾಸ್ತ ಬೆರಳಿಟ್ಟು ತೋರಿಸಿದ ಜಾಗದಲ್ಲಿ ಅವನೂ ಹೆಸರು ಬರೆದಿದ್ದ. ಬರೆದದ್ದು ತನ್ನ ಕೈಯೆಂದೇ ಅನ್ನಿಸಿರಲಿಲ್ಲ.

ಅಂಬುಜಾ ಬಾಗಿಲಿಗೆ ಬಂದಳು. ಒಂಬತ್ತು ವರ್ಷ ಬಾಳಿದ ಮನೆ. ಕಣ್ಣು ಊದಿದ್ದವು.

“ಬಿಡ್ರಿ. ಎತ್ತಿಕೊಂಡು ಹೋಗ್ತೀನಿ.”

“ವಾಡಿ ಜಂಕ್ಷನ್‌ದಾಗ ರೈಲು ಬದ್ಲಿ ಮಾಡಬೇಕು. ಭಾಳ ನಡೀಬೇಕಾಗ್ತದ.”

ಅವಳತ್ತ ನೋಡಲಿಲ್ಲ. ಬೋಲ್ಟು ತೂರಿಸಿ, ವಾಷರ್ ಹಾಕಿ, ನಟ್ಟು ಬಿಗಿದ. ಒಂದು ಹನಿ ಎಣ್ಣೆ ಬಿಟ್ಟ. ಗಾಲಿ ಸದ್ದಿಲ್ಲದೆ ತಿರುಗಿತು.

ಹತ್ತು ಗಂಟೆಗೆ ಕಾಶಪ್ಪ ಬಂದ. ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಸಾಯಬಣ್ಣನಿಗಿಂತ ಬಹಳ ಚಿಕ್ಕವನು, ಇಸ್ತ್ರಿ ಮಾಡಿದ ಅಂಗಿ. ಓಣಿಯ ಬಾಗಿಲುಗಳಲ್ಲೆಲ್ಲ ಮುಖಗಳು ಕಾಣಿಸಿದವು. ಅವನು ಸೂಟ್‌ಕೇಸಿಗೆ ಕೈ ಹಾಕಿದಾಗ ಸಾಯಬಣ್ಣ ಬಿಟ್ಟುಕೊಡಲಿಲ್ಲ. ಟಂಟಂ ಆಟೊ ಹತ್ತಿ ತಾನೂ ಶಹಾಬಾದಿಗೆ ಬಂದ. ಪ್ಲಾಟ್‌ಫಾರ್ಮಿನ ಉದ್ದಕ್ಕೂ ತಾನೇ ಎಳೆದ. ಮುಂದೆ ಅವರಿಬ್ಬರು, ಹಿಂದೆ ಇವನು.

ಗಾಡಿ ಬಂತು. ಅಂಬುಜಾ ಹತ್ತಿದಳು. ಕಿಟಕಿಯ ಸರಳು ಹಿಡಿದವಳಿಗೆ ಅಳು ತಡೆಯಲಾಗಲಿಲ್ಲ. ಕಾಶಪ್ಪ ಬಾಗಿಲಲ್ಲೇ ನಿಂತ. ಮಾತು ಅವನಿಗೂ ಸುಲಭವಿರಲಿಲ್ಲ.

“ನಿಮಗ ಏನರ ಹೇಳೂದು ಅದ ಏನ್ರಿ?”

ಸಾಯಬಣ್ಣ ಸೂಟ್‌ಕೇಸನ್ನು ಬಾಗಿಲೊಳಗೆ ಎತ್ತಿಕೊಟ್ಟ. ಗಾಡಿ ಅಲುಗಿದಾಗ ಅವನ ಕೈ ಹಿಡಿದುಕೊಂಡ.

“ಇಷ್ಟು ದಿನ ತೀರಿಹೋದ ನನ್ನ ಮಗನ ಹೆಂಡ್ತಿ ಇದ್ಳು, ಅಳಿಯಂದಿರ. ಇನ್ನ ಮ್ಯಾಲ ನನ್ನ ಮಗಳು. ಪಂಚಮಿಗಿ ತವರಿಗಿ ಕಳಸ್ರಿ.”