ಮೆತ್ತನೆಯ ಚಪಾತಿ

ಅವಳು ಚಪಾತಿ ಹಿಟ್ಟು ನಾದುತ್ತಿದ್ದಳು. ಕಬಡ್ಡಿ ತಂಡದ ಡಿಫೆಂಡರ್ ಆಗಿದ್ದ ಗಂಡ ತೂಕದ ಯಂತ್ರದಿಂದ ಇಳಿದ.

"ಮತ್ತೆ ಏರಿದೆ ಕಣೇ. ಟೂರ್ನಿ ಹೊತ್ತಿಗೆ ಎಂಬತ್ತೈದು ಕೆ.ಜಿ. ದಾಟಿದ್ರೆ ಅಂಕಣಕ್ಕೇ ಬಿಡಲ್ಲ."

"ಕತ್ತಿಗೆ ಇನ್ನೊಂದು ಏಟು ಬಿದ್ರೆ ನೀವು ಏಳೋದೇ ಇಲ್ಲ ಅಂದಿದ್ರು ಡಾಕ್ಟ್ರು. ಬಿಟ್ಬಿಡಿ."

"ಬಿಟ್ಟು ಏನ್ ಮಾಡ್ಲಿ, ನಿನ್ನ ಜತೆ ಹಿಟ್ಟು ನಾದ್ಲಾ?" ಅವನು ನಕ್ಕ. "ಒಣ ಚಪಾತಿ ತಿಂದ್ರೂ ಹೆಂಗೆ ಏರುತ್ತೋ! ಪಾಪ, ನನಗೋಸ್ಕರ ನೀನೂ ಅದನ್ನೇ ತಿಂತೀಯ. ಎಣ್ಣೆ ಇಲ್ದೆ ಇಷ್ಟು ಮೆತ್ತಗೆ ಹೆಂಗ್ ಮಾಡ್ತೀಯೇ?"

"ನಾದೋದ್ರಲ್ಲಿದೆ," ಎಂದಳು, ಅವನ ಮುಖ ನೋಡದೆ.

ಅವನು ಬಿಸಿಲಿನಲ್ಲೇ ಸ್ವೆಟರ್ ಹಾಕಿಕೊಂಡು ಓಡಲು ಹೋದ. ಅವಳು ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದ ವನಸ್ಪತಿ ತುಪ್ಪದ ಪೊಟ್ಟಣ ತೆಗೆದು, ನಿನ್ನೆಗಿಂತ ದೊಡ್ಡ ಉಂಡೆಯನ್ನು ಹಿಟ್ಟಿನೊಳಗೆ ಒತ್ತಿದಳು.