ಕಾಲೂರಿದವನು

ಆ ಬಡಕಲು ಮನುಷ್ಯ ಒಂದು ಸಲ ಕಾಲೂರಿದರೆ ಸಾಕು ಎಂದು ದುರಗಪ್ಪ ಕಾಯುತ್ತಿದ್ದ. ಗಜೇಂದ್ರಗಡದ ಗುಡ್ಡದ ಏರು ಶುರುವಾಗಿತ್ತು. ಮುಂದೆ ಎರಡು ಸೈಕಲ್ಲು, ಹಿಂದೆ ದುರಗಪ್ಪನ ಮೋಟರ್‌ಸೈಕಲ್ಲು. ಬಡಕಲು ಮನುಷ್ಯ ಎದುರುಗಾಳಿಗೆ ತಲೆ ತಗ್ಗಿಸಿ ತುಳಿಯುತ್ತಿದ್ದ. ಬೆನ್ನಿನ ಮೇಲೆ ಅಂಗಿ ಒದ್ದೆಯಾಗಿ ಅಂಟಿತ್ತು, ಕಾಲು ಮಾತ್ರ ನೆಲಕ್ಕೆ ತಾಗಿರಲಿಲ್ಲ.

ಇದೆಲ್ಲ ಬೆಳಿಗ್ಗೆ ರೋಣದ ಚಹಾದಂಗಡಿಯಲ್ಲಿ ಹುಟ್ಟಿದ್ದು. ಡಯಾಲಿಸಿಸ್‌ಗೆ ಓಡಾಡುವ ಹಳ್ಳಿಯ ರೋಗಿಗಳಿಗೊಂದು ಗಾಡಿ ಕೊಡಿಸಬೇಕೆಂದು ಇಬ್ಬರು ಗೆಳೆಯರು ನರಗುಂದದಿಂದ ಸೈಕಲ್ ಮೇಲೆ ಹೊರಟು ಬಂದಿದ್ದರು, ದಾರಿಯುದ್ದಕ್ಕೂ ಚಂದಾ ಕೇಳುತ್ತ. ಒಬ್ಬ ಚಿಕ್ಕನರಗುಂದದ ಕೊಟ್ರೇಶ. ದೊಡ್ಡ ಹೊಲದವರ ಮಗ, ಎತ್ತಿನಂಥ ಮೈ, ಹೊಳೆಯುವ ಗೇರಿನ ಸೈಕಲ್ಲು. ಇನ್ನೊಬ್ಬ ಶಿರೋಳದ ಇಲಿಯಾಸ. ವೆಲ್ಡಿಂಗ್ ಕೆಲಸದವನು, ಬಡಕಲು ಮೈ, ಮುಖಕ್ಕೆ ಮಾಸ್ಕು, ತಾನೇ ಬೆಸುಗೆ ಹಾಕಿಕೊಂಡ ಹಳೆಯ ಸೈಕಲ್ಲು. ನಮ್ಮಿಬ್ಬರಲ್ಲಿ ಒಬ್ಬ ಕಿಡ್ನಿ ಕೊಟ್ಟಿದ್ದಾನೆ, ಒಬ್ಬ ಇಸಿದುಕೊಂಡಿದ್ದಾನೆ, ಇಬ್ಬರೂ ತುಳಿಯುತ್ತಿದ್ದೇವೆ ನೋಡಿರಿ ಎಂದು ಕೊಟ್ರೇಶ ಸೇರಿದ ಜನಕ್ಕೆ ಹೇಳಿದ. ಯಾರು ಕೊಟ್ಟವರು ಎಂದು ಯಾರೂ ಕೇಳಲಿಲ್ಲ. ಕಣ್ಣಿದ್ದವರು ಅದನ್ನು ಬೇರೆ ಕೇಳಬೇಕೆ?

ದುರಗಪ್ಪನಿಗೆ ಮಾತ್ರ ಆ ಮಾತು ನೇರ ಎದೆಗೆ ಬಡಿಯಿತು. ಮುಶಿಗೇರಿಯ ಅವನ ಮನೆಯಲ್ಲಿ ತಮ್ಮ ಬಸ್ಯಾ ಡಯಾಲಿಸಿಸ್ ಮಾಡಿಸಿಕೊಂಡು ಬಂದು ಗೋಡೆ ಕಡೆ ಮುಖ ತಿರುಗಿಸಿ ಮಲಗುತ್ತಿದ್ದ. ಅಣ್ಣನದು ಹೊಂದುತ್ತದೆ ಎಂದು ದವಾಖಾನೆಯವರು ಆಗಲೇ ಹೇಳಿದ್ದರು. ತಾಯಿ ಹೊನ್ನವ್ವ ಕೊಡು ಎಂದು ಬಾಯಿಬಿಟ್ಟು ಕೇಳಿರಲಿಲ್ಲ. ತಾಟು ಇಡುವಾಗ ಮಗನ ಮುಖ ಬಿಟ್ಟು ಪಕ್ಕೆ ನೋಡುತ್ತಿದ್ದಳು. ತಮ್ಮನೆಂದರೆ ದುರಗಪ್ಪನಿಗೆ ಜೀವ. ಆದರೆ ಕಿಡ್ನಿ ಕೊಟ್ಟವನು ಮತ್ತೆ ನೇಗಿಲು ಹಿಡಿಯಲಾರ, ಮೂಲೆ ಹಿಡಿಯುತ್ತಾನೆ ಎಂದು ಊರೆಲ್ಲ ಹೇಳುತ್ತಿತ್ತು. ಅವನಿಗೆ ಹೆದರಿಕೆ, ಅಷ್ಟೇ. ಹೆದರಿದವನ ಬಾಯಿ ಜೋರಾಗಿರುತ್ತದೆ.

“ಕೊಟ್ಟಾಂವ ಗಜೇಂದ್ರಗಡದ ಗುಡ್ಡ ಕಾಲ ಊರಲಾರದ ಹತ್ತಲಿ,” ಎಂದ ಅವನು, ಅಂಗಡಿಗೆಲ್ಲ ಕೇಳುವಂತೆ. “ನಾಳೆನ ಹೋಗಿ ನನ್ನ ತಮ್ಮಗ ಕೊಡತೇನಿ ಅಂತ ಸಹಿ ಹಾಕತೇನಿ. ಊರಿದನೋ, ಮತ್ತ ನನ್ನ ಯಾರೂ ಕೇಳಬ್ಯಾಡ್ರಿ.”

ಕೊಟ್ರೇಶ ಕಪ್ಪು ಕೆಳಗಿಟ್ಟ. “ಕೊಟ್ಟಾಂವ ಅಂದ್ರಿ. ಹೌದಲ್ರಿ?”

“ಹೌದ್ರಿ. ಕೊಟ್ಟಾಂವನ.”

ಇಲಿಯಾಸ ಮಾಸ್ಕಿನೊಳಗೆ ನಕ್ಕಂತೆ ಕಂಡಿತು.

ಆಮೇಲೆ ದಾರಿಯಲ್ಲಿ ಕಂಡದ್ದೆಲ್ಲ ದುರಗಪ್ಪನ ಹೆದರಿಕೆಗೇ ಸಾಕ್ಷಿ ಹೇಳಿತು. ಮಿರ್ಚಿ ಭಜಿ ಬಿಸಿ ಬಿಸಿ ಬಂದರೆ ಕೊಟ್ರೇಶ ಎರಡು ತಾಟು ಮುಗಿಸಿದ. ಇಲಿಯಾಸ ಒಂದನ್ನೂ ಮುಟ್ಟಲಿಲ್ಲ, ಮನೆಯಿಂದ ತಂದ ಕಾಸಿದ ನೀರು ಕುಡಿದ. ಫೋನು ಗುಂಯ್ ಎಂದಾಗ ನಿಂತು ಗುಳಿಗೆ ನುಂಗಿದ. ಅಯ್ಯೋ ಪಾಪ, ಇಸಿದುಕೊಂಡವನು ತಿಂದುಂಡು ಮೆರೆಯುತ್ತಾನೆ, ಕೊಟ್ಟವನು ಗುಳಿಗೆಯ ಮೇಲೆ ಬದುಕುತ್ತಾನೆ ಎಂದುಕೊಂಡ ದುರಗಪ್ಪ. ಉಳ್ಳವರ ಮೈ ಉಳಿಸಲು ಇಲ್ಲದವರ ಮೈ ಬೇಕು, ಇದೇನು ಹೊಸದೇ? ಅವನಿಗೆ ಕೊಟ್ರೇಶನ ಮೇಲೆ ಸಿಟ್ಟೂ ಬಂತು.

ಈಗ ಗುಡ್ಡದ ನಡುವಿನ ತಿರುವು. ಕೊಟ್ರೇಶ ಸೀಟಿನಿಂದೆದ್ದು ಒಂದೇ ದಮ್ಮಿಗೆ ತುಳಿದು ಮೇಲೆ ಹೋಗಿಬಿಟ್ಟ. ಇಲಿಯಾಸನ ಸೈಕಲ್ಲು ಓಲಾಡಿತು. ಅವನು ಹಲ್ಲು ಕಚ್ಚಿ ಮತ್ತೆ ತುಳಿದ, ಮತ್ತೆ ಓಲಾಡಿದ. ಕೊನೆಗೆ ಕಾಲೂರಿದ.

ದುರಗಪ್ಪ ದೊಡ್ಡ ಉಸಿರು ಬಿಟ್ಟ. ಬದುಕಿದೆ ಎನ್ನಿಸಿತು. ಮರುಗಳಿಗೆಗೆ ಬಸ್ಯಾನ ಬೆನ್ನು ಕಣ್ಣ ಮುಂದೆ ಬಂದು, ತನ್ನ ಉಸಿರಿಗೆ ತಾನೇ ನಾಚಿದ. ನಾಚಿಕೆ ಮುಚ್ಚಲು ಗಾಡಿ ನಿಲ್ಲಿಸಿ ಹತ್ತಿರ ಹೋದ. ಹಿಂದಿನಿಂದ ಯಾವುದಾದರೂ ಟೆಂಪೋ ಬಂದರೆ ಅದಕ್ಕೆ ಸೈಕಲ್ ಏರಿಸಿಬಿಡು ತಮ್ಮಾ, ಇಷ್ಟು ಮಾಡಿದ್ದೇ ಭಾಳ ಆಯಿತು ಎಂದ.

“ಕಿಡ್ನಿ ಒಂದ ಐತಿ, ಅದರ ಮ್ಯಾಲೆ ನರಗುಂದದಿಂದ ಬಂದೇನ್ರಿ,” ಎಂದ ಇಲಿಯಾಸ, ಹ್ಯಾಂಡಲ್ಲಿನ ಮೇಲೆ ಬಾಗಿ. “ಉಳದದ್ದು ನಡದ ಹತ್ತತೇನಿ. ಟೆಂಪೋ ಯಾವನಿಗೆ ಬೇಕು?”

ಅಷ್ಟರಲ್ಲಿ ಮೇಲಿನಿಂದ ಸಿಳ್ಳೆ ಕೇಳಿತು. ಕೊಟ್ರೇಶ ಇಳಿದು ಬರುತ್ತಿದ್ದ. ಗೆಳೆಯನ ಪಕ್ಕಕ್ಕೆ ಬಂದು ಸೈಕಲ್ ತಿರುಗಿಸಿ, ಇಳಿಯದೆ, ಅವನ ನಡಿಗೆಯ ವೇಗಕ್ಕೇ ಏರು ತುಳಿಯತೊಡಗಿದ. ನಿಧಾನಕ್ಕೆ ತುಳಿಯುವುದು ಇನ್ನೂ ಕಷ್ಟ. ಗುಡ್ಡದ ಮೇಲಿನ ಗಾಳಿಯಂತ್ರಗಳ ಕಡೆಯಿಂದ ಬೀಸುವ ಗಾಳಿ ಎದೆಗೆ ಹೊಡೆಯುತ್ತಿತ್ತು. ಮುಂದೆ ಹೋಗ್ರಿ, ಅವನ ಜೋಡಿ ನಾನು ಇರತೇನಿ ಎಂದು ದುರಗಪ್ಪ ಹೇಳಿದರೂ ಕೇಳಲಿಲ್ಲ.

“ಅವಗ ಏನರ ಆತಂದ್ರ ನಂದೂ ಹೋದಂಗ,” ಎಂದ ಕೊಟ್ರೇಶ.

ತುದಿಯಲ್ಲಿ ಕಾಯುತ್ತಿದ್ದ ಜನ ಚಪ್ಪಾಳೆ ಹೊಡೆದರು, ಯಾರೋ ಇಲಿಯಾಸನಿಗೆ ಹಾರ ಹಾಕಿದರು. ಹೆಚ್ಚಿನವರು ಇಲಿಯಾಸನ ಬೆನ್ನು ತಟ್ಟಿ, ಕೊಟ್ಟ ಪುಣ್ಯಾತ್ಮ ಎಂದರು. ಅವನು ಹಾರ ತೆಗೆದು ಗೆಳೆಯನ ಕೊರಳಿಗೆ ಹಾಕಿದ. ದುರಗಪ್ಪ ಫೋನು ಕೈಯಲ್ಲಿ ಹಿಡಿದು ನಿಂತಿದ್ದ. ಕೊಡಲಾರೆನೆಂಬುದನ್ನು ಅವ್ವನಿಗೆ ಹೇಗೆ ಹೇಳುವುದೆಂದು ತಿಳಿಯುತ್ತಿರಲಿಲ್ಲ, ಆದರೆ ಹೇಳಲೇಬೇಕಿತ್ತು.

“ತಪ್ಪ ತಿಳೀಬ್ಯಾಡ್ರಿ,” ಎಂದ ಕೊಟ್ರೇಶನಿಗೆ. “ಕೊಟ್ಟಾಂವ ಕಾಲ ಊರಿದ. ನಾ ಕಣ್ಣಾರೆ ನೋಡೇನಿ. ಮಾತಂದ್ರ ಮಾತು.”

“ಮಾತಂದ್ರ ಮಾತರೀ, ಅಣ್ಣಾರ,” ಎಂದ ಕೊಟ್ರೇಶ. ಹಾರ ಸರಿಸಿ, ಬೆವರಿಗೆ ಅಂಟಿದ ಅಂಗಿಯನ್ನು ಎಡಗಡೆ ಎತ್ತಿದ. ಪಕ್ಕೆಲುಬಿನ ಕೆಳಗೆ, ಬೆನ್ನಿನವರೆಗೆ, ಹೊಲಿಗೆಯ ಉದ್ದನೆಯ ಗುರುತು.

“ಊರಿದಾಂವ ಇಸಕೊಂಡಾಂವ. ಕೊಟ್ಟಾಂವ ನಾ, ಎರಡ ಸರತಿ ಹತ್ತೇನಿ. ನಾಳೆ ಸಹಿ ಎಷ್ಟೊತ್ತಿಗೆ ಹಾಕತೀರಿ?”